ಮೂರನೇ ಸಾಲಿನ ಕುರ್ಚಿ

ಒಂದು ಮನೆಯಲ್ಲಿ ಎರಡು ಒಲೆ ಇದ್ದರೆ ಹೊಗೆ ಎರಡು ದಾರಿ ಹಿಡಿದು ಹೊರಗೆ ಹೋಗುತ್ತದೆ. ಒಂದೇ ಒಲೆಯ ಮುಂದೆ ಇಬ್ಬರು ಸೊಸೆಯಂದಿರು ಕೂತರೆ ಹೊಗೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಸುತ್ತಿ ಸುತ್ತಿ ಕಣ್ಣಿಗೆ ಬರುತ್ತದೆ. ಕುಷ್ಟಗಿಯ ಹಂಪವ್ವನ ಮನೆಯಲ್ಲಿ ಆ ವರ್ಷ ಹೊಗೆ ಎದ್ದದ್ದು ಮಾತ್ರ ಒಲೆಯಿಂದಲ್ಲ, ಒಂದು ಕುರ್ಚಿಯಿಂದ.

ಕುರ್ಚಿಯೆಂದರೆ ಕಾಲಿರುವ ಕುರ್ಚಿಯಲ್ಲ. ಕೆಂಪು ಬಣ್ಣದ, ಅತ್ತಿತ್ತ ಎರಡು ಗಿಡ್ಡ ಕೈಗಳಿದ್ದ, ಬೆನ್ನಿಗೆ ಎತ್ತರದ ಹಲಗೆಯಿದ್ದ ಬೂಸ್ಟರ್ ಸೀಟು. ಅದನ್ನು ಗಾಡಿಯ ಸೀಟಿನ ಮೇಲಿಟ್ಟು, ಮಗುವನ್ನು ಅದರಲ್ಲಿ ಕೂಡಿಸಿ, ಗಾಡಿಯದೇ ಬೆಲ್ಟು ಹಾಕಬೇಕು. ಆಗ ದೊಡ್ಡವರ ಅಳತೆಯ ಬೆಲ್ಟು ಮಗುವಿನ ಕುತ್ತಿಗೆಗೆ ಬಿಗಿಯದೆ ಹೆಗಲ ಮೇಲೆ ಬರುತ್ತದೆ, ಹೊಟ್ಟೆಗೆ ಒತ್ತದೆ ತೊಡೆಯ ಬುಡಕ್ಕೆ ಬಂದು ಕೂಡುತ್ತದೆ. ಇದನ್ನು ಕಿರಿ ಸೊಸೆ ಸಹನಾ ಮನೆಯಲ್ಲಿ ನಾಲ್ಕು ಸಲ ಬಿಡಿಸಿ ಹೇಳಿದ್ದಳು. ಹಿರಿ ಸೊಸೆ ರೇಣುಕಾದೇವಿ ನಾಲ್ಕು ಸಲವೂ ಕೇಳಿಸಿಕೊಂಡಿದ್ದಳು. ಆದರೆ ಅವಳ ಕಿವಿಯೊಳಗೆ ಇಳಿದ ಮಾತು ಬೇರೆಯೇ ಆಗಿತ್ತು.

ರೇಣುಕಾದೇವಿ ಆ ಮನೆಗೆ ಕಾಲಿಟ್ಟು ಹತ್ತೊಂಬತ್ತು ವರ್ಷ. ಅವಳಿಗೆ ಮಕ್ಕಳಾಗಲಿಲ್ಲ. ಕೊಪ್ಪಳದ ಡಾಕ್ಟರಾಯಿತು, ಗದಗಿನ ಡಾಕ್ಟರಾಯಿತು, ಹರಕೆಯಾಯಿತು, ಕಡೆಗೆ ಕೇಳುವವರಿಗೂ ಸಾಕಾಯಿತು. ಮೈದುನ ಯಂಕೇಶನಿಗೆ ಮಗಳು ಹುಟ್ಟಿದಾಗ ಸಹನಾ ಮೂರು ತಿಂಗಳಿಗೇ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಹೊರಟಳು. ಭೂಮಿಕಾ ಎಂಬ ಆ ಕೂಸು ಬೆಳೆದದ್ದು ದೊಡ್ಡವ್ವನ ತೊಡೆಯ ಮೇಲೆ. ಅಲ್ಲೇ ಉಂಡಿತು, ಅಲ್ಲೇ ನಿದ್ದೆ ಮಾಡಿತು, ಅಲ್ಲೇ ಉಚ್ಚೆ ಹೊಯ್ದಿತು. ಆರು ವರ್ಷವಾದರೂ ಓಣಿಯಲ್ಲಿ ಜಗಳಾಡಿ ಬಂದರೆ ಮೊದಲು ಬಂದು ಬೀಳುತ್ತಿದ್ದುದು ಅಲ್ಲೇ.

ದಾಳಿಂಬೆ ವ್ಯಾಪಾರ ಕೈ ಹಿಡಿದ ವರ್ಷ ರೇಣುಕಾದೇವಿಯ ಗಂಡ ಗವಿಸಿದ್ದಪ್ಪ ಏಳು ಸೀಟಿನ ಗಾಡಿ ತಂದ. ಯಾರು ಎಲ್ಲಿ ಕೂಡಬೇಕೆಂದು ಯಾರೂ ಹೇಳಲಿಲ್ಲ, ಆದರೂ ಮನೆಯ ಪಡಸಾಲೆಯೇ ಎದ್ದು ಬಂದು ಗಾಡಿಯೊಳಗೆ ಕೂತಂತಾಯಿತು. ಮುಂದೆ ಅಣ್ಣತಮ್ಮಂದಿರು. ನಡುವಿನ ಸಾಲಿನಲ್ಲಿ ಮೊಣಕಾಲು ನೋವಿನ ಹಂಪವ್ವ ಒಂದು ಕಿಟಕಿಗೆ, ರೇಣುಕಾದೇವಿ ಇನ್ನೊಂದು ಕಿಟಕಿಗೆ, ನಡುವೆ ನೆಲಕ್ಕಿಡಬಾರದ ಸಾಮಾನು. ಹಿಂದೆ ಮೂರನೇ ಸಾಲಿನ ಎರಡು ಸೀಟಿನಲ್ಲಿ ಸಹನಾ ಮತ್ತು ಚೀಲಗಳು. ಭೂಮಿಗೆ ಸೀಟೇ ಬೇಕಿರಲಿಲ್ಲ, ಅವಳಿಗೆ ದೊಡ್ಡವ್ವನ ತೊಡೆಯಿತ್ತು.

ಆ ಕುರ್ಚಿ ಬಂದ ಮೇಲೆ ಮಗು ಹಿಂದಕ್ಕೆ ಹೋಯಿತು. ನಡುವಿನ ಸಾಲಿನಲ್ಲೇ ಇಡೋಣವೆಂದು ಸಹನಾ ಮೊದಲು ಕೇಳಿದ್ದಳು. ಅತ್ತೆ ಮೊಣಕಾಲು ತೋರಿಸಿದಳು, ನೆಗೆಣ್ಣಿ ರೇಣುಕಾದೇವಿ ಕೇಳದವಳಂತೆ ಕೂತಳು. ಹಾಗಾಗಿ ಸಹನಾ ಮೂರನೇ ಸಾಲಿನಲ್ಲೇ ಇಟ್ಟಳು. ಕುರ್ಚಿಯ ಮೇಲೇರಿದ ಭೂಮಿ, "ಮಮ್ಮಿ, ಇಲ್ಲಿಂದ ಎಲ್ಲಾ ಕಾಣ್ತೈತಿ" ಎಂದು ಕುಣಿದಳು. ಮಗು ಅತ್ತಿದ್ದರೆ ರೇಣುಕಾದೇವಿಗೆ ಅಷ್ಟು ನೋಯುತ್ತಿರಲಿಲ್ಲ. ಕುಣಿದದ್ದು ಎದೆಗೆ ನಾಟಿತು. ಅಂದಿನಿಂದ ಗಾಡಿಯಲ್ಲಿ ಅವಳ ತೊಡೆಯ ಮೇಲೆ ಬರೀ ವ್ಯಾನಿಟಿ ಬ್ಯಾಗು.

ತೊಡೆ ಬರಿದಾದರೆ ತಲೆ ತುಂಬಿಕೊಳ್ಳುತ್ತದೆ. ಬಂಜೆಯ ತೊಡೆಯ ಮೇಲೆ ಮಗಳು ಕೂಡಬಾರದೆಂದು ಇವಳು ಈ ಆಟ ಹೂಡಿದ್ದಾಳೆ, ಬೆಲ್ಟು ಗಿಲ್ಟು ಎಲ್ಲ ನೆಪ ಎಂದು ರೇಣುಕಾದೇವಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ನಿಜವಾಗುತ್ತ ಬಂತು.

ಹಂಪವ್ವನ ಮಗಳ ಮಗಳನ್ನು ಗಂಗಾವತಿಗೆ ಕೊಟ್ಟಿತ್ತು. ಅವಳಿಗೆ ಕುಬಸ, ಅಂದರೆ ಸೀಮಂತ, ಗೊತ್ತಾಯಿತು. ಬಸುರಿಗೆ ಸೋದರಮಾವನ ಮನೆಯಿಂದ ಹಸಿರು ಸೀರೆ, ಬುತ್ತಿ ಹೋಗಬೇಕು. ನೆಂಟರ ಮುಂದೆ ಗಾಡಿ ಚಂದ ಕಾಣಲೆಂದು ಗವಿಸಿದ್ದಪ್ಪ ಹೊಸ ಸೀಟ್ ಕವರ್ ಹಾಕಿಸಲು ಬಸ್ ಸ್ಟ್ಯಾಂಡಿನ ಹಿಂದಿನ ಜಿಲಾನಸಾಬನ ಅಂಗಡಿಗೆ ಬಿಟ್ಟ. ಬಣ್ಣ ಆರಿಸಲು ಹೆಂಡತಿಯನ್ನು ನಿಲ್ಲಿಸಿ ತಾನು ಪೇಟೆಗೆ ಹೋದ.

ಜಿಲಾನಸಾಬ ಕಾಫಿ ಬಣ್ಣದ ರೆಕ್ಸಿನ್ ಹರಡಿಕೊಂಡು, ಹಿಂದಿನ ಸಾಲಿಗೆ ಟೇಪು ಹಿಡಿಯುತ್ತ ಕೇಳಿದ.

"ಅಕ್ಕಾರ, ಹಿಂದಿನ ಬೆಲ್ಟಿನ ಬಕಲ್ಲಿಗೆ ತೂತು ಬಿಡ್ಲ್ಯೋ, ಮುಚ್ಲ್ಯೋ? ಭಾಳ ಮಂದಿ ಮುಚ್ಚು ಅಂತಾರ. ಹಿಂದ ಯಾರು ಹಾಕ್ಕೋತಾರ ಅಂತ."

ಅವನು ಕೇಳದೇ ಇದ್ದಿದ್ದರೆ ಅವಳಿಗೆ ಹೊಳೆಯುತ್ತಿರಲಿಲ್ಲ. ಕೇಳಿದ ಮೇಲೆ ಹೊಳೆಯದೇ ಇರಲಿಲ್ಲ.

"ಮುಚ್ಚಿಬಿಡ್ರಿ," ಎಂದಳು.

"ನಿಮ್ಮ ಮನ್ಯಾಗ ಸಣ್ಣ ಹುಡುಗಿ ಐತೆಲ್ರಿ? ಆಕಿದೊಂದು ಕುರ್ಚಿ ನೋಡಿದ್ದೆ ಗಾಡ್ಯಾಗ."

"ಹುಡುಗಿ ನನ್ನ ತೊಡಿ ಮ್ಯಾಲೆ ಕುಂದ್ರತಾಳ. ನೀವು ಮುಚ್ರಿ."

"ಆತ್ರಿ. ಆದ್ರ ಆಮ್ಯಾಲೆ ಬೇಕು ಅಂದ್ರ ಕೊಯ್ಯಬೇಕಾಕ್ಕೈತಿ. ಕೊಯ್ದ ಮ್ಯಾಲೆ ಮೊದಲಿನಂಗ ಆಗಂಗಿಲ್ಲ."

"ಹೊಲಿಯೋದು ನಿಮ್ಮ ಕೆಲಸ ಐತಿ, ಕೊಯ್ಯೋದರ ಚಿಂತಿ ನಿಮಗ್ಯಾಕ?"

ಸಾಬ ರೆಕ್ಸಿನ್ನು ಮಿಷನ್ನಿಗೆ ಕೊಟ್ಟ. ಮಿಷನ್ನು ಕಟಕಟ ಎಂದಿತು. ಸಂಜೆಗೆ ಮೂರನೇ ಸಾಲಿನ ಎರಡೂ ಬಕಲ್ಲುಗಳು ರೆಕ್ಸಿನ್ನಿನ ಒಳಗೆ ಸಮಾಧಿಯಾದವು.

ಕುಬಸದ ದಿನ ಬೆಳಿಗ್ಗೆ ಬುತ್ತಿಯ ದೊಡ್ಡ ಬುಟ್ಟಿ ಗಾಡಿಗೆ ಬಂತು. ಹೋಳಿಗೆ, ಕರಿಗಡಬು, ಮೊಸರನ್ನ, ಮೇಲೆ ಹಸಿರು ಖಣ. ಕಾಲು ತಾಗಬಾರದೆಂದು ಅದನ್ನು ನಡುವಿನ ಸಾಲಿನ ನಡುವೆ ಕೂಡಿಸಿದರು. ಸಹನಾ ಕುರ್ಚಿ ಹಿಡಿದು ಹಿಂದಕ್ಕೆ ಹತ್ತಿದಳು. ಅವಳ ಕೈ ಸೀಟಿನ ಸಂದಿಯಲ್ಲಿ ತಡಕಾಡುವ ಸದ್ದನ್ನು ರೇಣುಕಾದೇವಿ ತಿರುಗಿ ನೋಡದೆ ಕೇಳುತ್ತಿದ್ದಳು. ಸದ್ದು ನಿಂತಿತು.

"ಬಕಲ್ ಎಲ್ಲಿ ಹೋದ್ವು?"

"ಎಲ್ಲಿ ಹೋಗ್ತಾವು, ಅಲ್ಲೇ ಇರ್ತಾವು, ನೋಡವ್ವ," ಎಂದ ಗವಿಸಿದ್ದಪ್ಪ.

ಸಹನಾ ಅಂಗೈಯಿಂದ ರೆಕ್ಸಿನ್ ಒತ್ತಿದಳು. ಒಣಗದ ಗುಳ್ಳೆಯ ಹಾಗೆ ಎರಡು ಗಂಟು ಕೈಗೆ ಸಿಕ್ಕವು.

"ಯಾರು ಮುಚ್ಚಿಸಿದ್ರು?"

"ನಾನ," ಎಂದಳು ರೇಣುಕಾದೇವಿ.

"ಯಾಕ?"

"ಚಂದ ಕಾಣ್ತೈತಿ ಅಂತ."

ಸಹನಾ ಕೆಳಗಿಳಿದು ನಡುವಿನ ಬಾಗಿಲಿಗೆ ಬಂದಳು. "ಹಂಗಾದ್ರ ಕುರ್ಚಿ ಇಲ್ಲಿಡ್ತೀನಿ. ಈ ಸಾಲಿಂದು ಬಕಲ್ ಬಿಟ್ಟಾರ. ನೀವು ಹಿಂದ ಬರ್ರಿ ಅಕ್ಕಾ."

"ಹಿರೇ ಸೊಸಿ ಡಿಕ್ಕ್ಯಾಗ ಕುಂದ್ರಬೇಕೇನು? ನಾಳೆ ಗಾಡಿ ಮ್ಯಾಲೆ ಹತ್ತು ಅಂತಿ."

"ಎರಡು ವರ್ಷದಿಂದ ನಾ ಕುಂತಿಲ್ಲೇನು ಅಲ್ಲಿ?"

"ನೀ ಕಿರೇ ಸೊಸಿ, ಅಲ್ಲಿ ಕುಂದ್ರಾಕ ಬಂದಾಕಿ ಇದ್ದಿ."

ಮುಂದೆ ಕೂತಿದ್ದ ಯಂಕೇಶ ಕನ್ನಡಿಯಲ್ಲೇ ಹೆಂಡತಿಯನ್ನು ನೋಡಿ, "ಇವತ್ತೊಂದಿನ ಬಿಡು. ಬೆಲ್ಟಿಲ್ಲದಂಗ ಕುರ್ಚಿ ಮ್ಯಾಲೆ ಕುಂದ್ರಸು, ಆತು" ಎಂದ.

"ಬೆಲ್ಟಿಲ್ಲದ ಕುರ್ಚಿ ಬರೇ ಕುಂದ್ರೋ ಮಣಿ. ಎತ್ತರದಿಂದ ಬೀಳಾಕ ಅನುಕೂಲ, ಅಷ್ಟ. ನಮ್ಮ ಆಸ್ಪತ್ರಿಗೆ ಹೊತ್ಕೊಂಡು ಬರೋ ಹುಡುಗ್ರೆಲ್ಲಾ ಇವತ್ತೊಂದಿನ ಅಂದವರ ಹುಡುಗ್ರು." ಸಹನಾ ಮಗಳ ಕೈ ಹಿಡಿದಳು. "ನಾವು ಬರಂಗಿಲ್ಲ. ನೀವು ಹೋಗಿ ಬರ್ರಿ."

ಆಗ ಹಂಪವ್ವ ಬಾಯಿಬಿಟ್ಟಳು. "ನೀ ಬರಲಿಲ್ಲಂದ್ರ ಉಡಿ ಯಾರು ತುಂಬ್ಯಾರು? ಮಾವನ ಮನಿಯಿಂದ ಮಕ್ಕಳಿದ್ದಾಕಿ ತುಂಬಬೇಕು. ಈ ಮನ್ಯಾಗ ಇನ್ಯಾರದಾರ ಅಂಥಾಕಿ?"

ಮಾತು ಸಹನಾಳಿಗೆ ಹೇಳಿದ್ದು. ತಾಗಬೇಕಾದ ಕಡೆಯೇ ತಾಗಿತು. ಹಂಪವ್ವ ಹಿರಿ ಸೊಸೆಯ ಕಡೆ ನೋಡಲೂ ಇಲ್ಲ. ಹತ್ತೊಂಬತ್ತು ವರ್ಷ ಒಲೆ ಹಚ್ಚಿದವಳು ಬುತ್ತಿ ಕಟ್ಟಲು ಆಗುತ್ತಾಳೆ, ಬಿಚ್ಚಲು ಆಗುವುದಿಲ್ಲ.

ರೇಣುಕಾದೇವಿಯ ಸಿಟ್ಟು ಅತ್ತೆಯನ್ನು ದಾಟಿ ಎಂದಿನ ಕಡೆಗೇ ಹರಿಯಿತು. "ಎಲ್ಲಾರೂ ಅನ್ನೋದು ಒಂದ. ಅತ್ತಿ ಬಾಯಿಬಿಟ್ಟು ಅಂತಾಳ, ನೀ ಕುರ್ಚಿ ತಂದು ಅಂತಿ. ಬಂಜಿ ತೊಡಿ ಮ್ಯಾಲೆ ನನ್ನ ಮಗಳು ಕುಂದ್ರಬಾರದು ಅಂತ ಅನ್ನು, ಓಣಿ ಕೇಳಲಿ."

ಸಹನಾಳ ದನಿ ಏರಲಿಲ್ಲ. ಅದು ಏರಿದ್ದರೆ ರೇಣುಕಾದೇವಿಗೆ ಹಗುರಾಗುತ್ತಿತ್ತು.

"ಆ ಮಾತು ನಾ ಎಂದೂ ಅಂದಿಲ್ಲ. ಅನ್ನೋದೂ ಇಲ್ಲ. ನಾ ಅನ್ನೋದು ಇಷ್ಟ. ನಿಮ್ಮ ತೊಡಿಗೆ ಬೆಲ್ಟಿಲ್ಲ ಅಕ್ಕಾ."

"ಹತ್ತೊಂಬತ್ತು ವರ್ಷ ಯಾವ ಬೆಲ್ಟೂ ಇಲ್ಲದ ಈ ಮನಿ ಹೊತ್ತೀನಿ. ಒಂದು ಹುಡುಗಿ ಹೆಚ್ಚಾಕ್ಕಾಳೇನು ನನಗ?"

ಗವಿಸಿದ್ದಪ್ಪ ಹಾರ್ನ್ ಒತ್ತಿದ. ಹೊತ್ತು ಮೀರುತ್ತದೆ ಎಂದ. ಹಂಪವ್ವ, "ಭೂಮಿ, ದೊಡ್ಡವ್ವನ ಹತ್ರ ಬಾ" ಎಂದಳು. ಮಗು ತಾಯಿಯ ಮುಖ ನೋಡಿತು, ತಂದೆಯ ಬೆನ್ನು ನೋಡಿತು, ಹತ್ತಿ ಬಂದು ತೊಡೆಯ ಮೇಲೆ ಕೂತಿತು. ಸಹನಾ ಹಿಂದೆ ಹೋಗಿ ಖಾಲಿ ಕುರ್ಚಿಯ ಪಕ್ಕ ಕೂತಳು. ಅವಳ ಕಣ್ಣು ತನ್ನ ಬೆನ್ನಿಗೆ ಅಂಟಿದೆ ಎಂಬುದು ರೇಣುಕಾದೇವಿಗೆ ಗೊತ್ತಿತ್ತು. ಆ ಉರಿಯಲ್ಲೂ ಅವಳಿಗೆ ಹಿತವಾಯಿತು. ಮಗುವಿನ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮೂಗಿಗೆ ಬಡಿಯಿತು. ಎರಡೂ ಕೈಯಿಂದ ಬಳಸಿ ಹಿಡಿದಳು.

ತಾವರಗೇರಾ ದಾಟಿತು. ದಾರಿಯ ಎರಡೂ ಬದಿಗೆ ಜೋಳ, ತೊಗರಿ, ದೂರದಲ್ಲಿ ಬೋಳು ಗುಡ್ಡ. ಗುಡ್ಡದ ತುದಿಯ ಒಂಟಿ ಕಲ್ಲನ್ನು ತೋರಿಸಿ ದೊಡ್ಡವ್ವ ಕತೆ ಹೇಳತೊಡಗಿದಳು. ಅದು ಮೊದಲು ಕಲ್ಲಲ್ಲ, ಒಬ್ಬ ಮುದುಕಿ. ಮಗ ಸಂಜೆಗೆ ಬರುತ್ತೇನೆಂದು ಹೋದ, ಬರುವವರೆಗೆ ಕೂಡುವುದಿಲ್ಲ ಎಂದು ಮುದುಕಿ ನಿಂತಳು. ಮಳೆ ಬಂತು, ನಿಂತೇ ಇದ್ದಳು. ಹಕ್ಕಿ ತಲೆಯ ಮೇಲೆ ಗೂಡು ಕಟ್ಟಿತು, ನಿಂತೇ ಇದ್ದಳು.

"ಕಾಲು ನೋಯಲಿಲ್ಲೇನು ಆಕಿಗೆ?" ಎಂದಳು ಭೂಮಿ.

"ನೋಯ್ತು. ನೋವು ಮೊದಲು ಪಾದಕ್ಕ ಬಂತು, ಆಮ್ಯಾಲೆ..."

ಕನಕಗಿರಿ ಇನ್ನೂ ಮುಂದಿತ್ತು. ತಿರುವು ದಾಟಿದೊಡನೆ ಕುರಿಹಿಂಡು ರಸ್ತೆಯ ತುಂಬ ಹರಡಿಕೊಂಡಿತ್ತು. ಗವಿಸಿದ್ದಪ್ಪ ಬ್ರೇಕಿನ ಮೇಲೆ ನಿಂತುಬಿಟ್ಟ.

ಕೈಗಳಿಗೆ ಮನಸ್ಸನ್ನು ಕೇಳುವಷ್ಟು ಹೊತ್ತಿರಲಿಲ್ಲ. ಮಗುವನ್ನು ಬಳಸಿದ್ದ ಎರಡೂ ಕೈ ತಾವಾಗಿಯೇ ಬಿಚ್ಚಿಕೊಂಡು ಮುಂದಿನ ಸೀಟಿನ ಬೆನ್ನಿಗೆ ಆತುಕೊಂಡವು. ಮುಖ ಜಜ್ಜದಂತೆ, ಎದೆ ಬಡಿಯದಂತೆ ಅವು ತಮ್ಮ ಒಡತಿಯನ್ನು ಕಾಯ್ದವು. ತೊಡೆಯ ಮೇಲಿದ್ದ ಮಗು ಜಾರಿ ಮುಂದಕ್ಕೆ ಹೋಯಿತು. ಟಕ್ ಎಂದು ಒಂದು ಸದ್ದಾಯಿತು. ಬುತ್ತಿಯ ಬುಟ್ಟಿ ಉರುಳಿ ಹಂಪವ್ವನ ಮೇಲೆ ಬಿತ್ತು. ಆಮೇಲೆ ಕುರಿಗಳ ಬ್ಯಾ ಬ್ಯಾ ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಭೂಮಿ ಅತ್ತಳು.

ಹುಬ್ಬಿನ ಮೇಲೆ ಒಂದು ಅಂಗುಲ ಸೀಳಿತ್ತು. ಸಹನಾ ಹಿಂದಿನಿಂದ ಸೀಟು ದಾಟಿಯೇ ಬಂದಳು. ಮಗಳನ್ನು ರಸ್ತೆಯ ಬದಿಗೆ ಇಳಿಸಿ, ಕಣ್ಣರೆಪ್ಪೆ ಎತ್ತಿ ನೋಡಿ, ಹೆಸರು ಕೇಳಿ, ಬೆರಳು ಎಣಿಸಲು ಹೇಳಿ, ಚೀಲದಲ್ಲಿದ್ದ ಹತ್ತಿಯಿಂದ ಒತ್ತಿ ಹಿಡಿದು ಪಟ್ಟಿ ಹಚ್ಚಿದಳು. ಅಷ್ಟೂ ಹೊತ್ತು ಗಂಡಸರು ಕುರಿ ಕಾಯುವವನಿಗೆ ಬೈಯುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ರೇಣುಕಾದೇವಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು.

"ಕೈ ಬಿಟ್ರಿ."

"ನಾ ಹಿಡಿದಿದ್ದೆ."

"ನಾ ಹಿಂದ ಇದ್ದೆ ಅಕ್ಕಾ, ನೋಡೀನಿ. ಯಾರಾದ್ರೂ ಬಿಡ್ತಾರ. ನನ್ನ ತೊಡಿ ಮ್ಯಾಲೆ ಇದ್ದಿದ್ರ ನಾನೂ ಬಿಡ್ತಿದ್ದೆ. ಅದಕ್ಕ ಬೆಲ್ಟು."

ಕೊನೆಯ ಮಾತುಗಳು ರೇಣುಕಾದೇವಿಯ ಕಿವಿಗೆ ಬೀಳಲಿಲ್ಲ. ಮೊದಲ ಎರಡೇ ಬಿದ್ದವು.

ಅಲ್ಲಿಂದ ಮುಂದೆ ಗವಿಸಿದ್ದಪ್ಪ ಎತ್ತಿನ ಬಂಡಿಯ ಹಾಗೆ ಗಾಡಿ ಹೊಡೆದ. ಭೂಮಿ ಅಜ್ಜಿಯ ಪಕ್ಕದ ಸೀಟಿನಲ್ಲಿ, ಬುತ್ತಿ ಇದ್ದ ಜಾಗದಲ್ಲಿ ಕುರ್ಚಿಯಿಲ್ಲದೆ ಕೂತಿದ್ದಳು. ಸೊಂಟಕ್ಕಷ್ಟೇ ಬರುವ ಅಲ್ಲಿನ ಬೆಲ್ಟನ್ನು ಸಹನಾ ಬಿಗಿದಿದ್ದಳು. ಅರ್ಧ ಚೆಲ್ಲಿದ ಬುತ್ತಿ ಸಹನಾಳ ಪಕ್ಕ ಹಿಂದೆ ಹೋಯಿತು. ನೆಲಕ್ಕಿಡಬಾರದೆಂದು ಅದನ್ನು ಮಗುವಿನ ಕುರ್ಚಿಯಲ್ಲೇ ಕೂಡಿಸಿದರು.

ಗಂಗಾವತಿಯ ಮನೆಯ ಪಡಸಾಲೆಯಲ್ಲಿ ಬಳೆಗಾರ್ತಿ ಕಾಸೀಮಬೀ ಹೆಂಗಸರ ಕೈಗೆ ಹಸಿರು ಬಳೆ ತೊಡಿಸುತ್ತ ಕೂತಿದ್ದಳು. ಭೂಮಿಯ ಪಟ್ಟಿ ನೋಡಿ ಬಸುರಿಯ ಅತ್ತೆ, "ಏನಾತವ್ವ ಹಣಿಗೆ?" ಎಂದು ಗದ್ದ ಹಿಡಿದಳು.

"ಹೊಸ್ತಿಲ ಎಡವಿ ಬಿದ್ದಳು," ಎಂದಳು ರೇಣುಕಾದೇವಿ. ಯಾರೂ ಅವಳನ್ನು ಕೇಳಿರಲಿಲ್ಲ.

"ಇಲ್ಲ, ದೊಡ್ಡವ್ವ ಕೈ ಬಿಟ್ಲು," ಎಂದಿತು ಮಗು. ದನಿಯಲ್ಲಿ ದೂರಿರಲಿಲ್ಲ. ಶಾಲೆ ಬಿಟ್ಟಿತು, ಮಳೆ ಬಂತು ಅನ್ನುವ ಹಾಗೆ ಹೇಳಿತು.

ಗೋಡೆಗೆ ಒರಗಿದ್ದ ಒಬ್ಬ ಮುದುಕಿ ಎಲೆಗೆ ಸುಣ್ಣ ಸವರುತ್ತ, "ಹೆತ್ತಿದ್ರ ಹಿಡೀತಿದ್ಲು" ಎಂದಳು. ಎರಡು ಮೂರು ಸೆರಗು ಬಾಯಿಗೆ ಹೋದವು.

"ಹೆತ್ತವರ ಕೈನೂ ಬಿಡ್ತಾವು," ಎಂದಳು ಸಹನಾ. "ನಮ್ಮ ಆಸ್ಪತ್ರಿಗೆ ಬರ್ರಿ ಅಮ್ಮಾರ. ವಾರಕ್ಕ ಇಬ್ಬರನ್ನ ತೋರಸ್ತೀನಿ."

ಮುದುಕಿ ಎಲೆ ಬಾಯಿಗಿಟ್ಟಳು. ಮಾತು ರೇಣುಕಾದೇವಿಯ ಪರವಾಗಿಯೇ ಇತ್ತು, ಆದರೂ ಬಿಸಿಲಿಗಿಂತ ಹೆಚ್ಚು ಸುಟ್ಟಿತು. ಶತ್ರುವಿನ ಕೊಡೆಯ ಕೆಳಗೆ ನಿಲ್ಲುವುದಕ್ಕಿಂತ ನೆನೆಯುವುದು ಮೇಲು. ಸಹನಾ ಉಡಿ ತುಂಬಲು ಎದ್ದಳು. ರೇಣುಕಾದೇವಿ ಎಲೆ ಅಡಿಕೆಯ ತಟ್ಟೆಯಿಂದ ಅಡಕೊತ್ತು ಎತ್ತಿಕೊಂಡು, ಗಂಡನ ಹತ್ತಿರ ಕೀಲಿ ಇಸಿದುಕೊಂಡು ಹೊರಗೆ ಹೋದಳು.

ಒಳಗೆ ಸೋಬಾನೆ ಹಾಡುತ್ತಿದ್ದರು. ಅವಳು ಗಾಡಿಯ ಹಿಂದಿನ ಸಾಲಿಗೆ ತೂರಿ, ಗಂಟು ಎಲ್ಲಿದೆ ಎಂದು ಬೆರಳಲ್ಲಿ ಹುಡುಕಿ, ಅಲ್ಲಿನ ರೆಕ್ಸಿನ್ನನ್ನು ಚಿವುಟಿ ಎತ್ತಿ ಅಡಕೊತ್ತಿನ ಬಾಯಿಗೆ ಕೊಟ್ಟಳು. ಗಟ್ಟಿ ರೆಕ್ಸಿನ್, ಮೊದಲ ಸಲಕ್ಕೆ ಬರೀ ಕಚ್ಚಿತು. ಮೂರನೆಯ ಸಲಕ್ಕೆ ಹರಿಯಿತು. ಗವಿಸಿದ್ದಪ್ಪ ಓಡಿ ಬಂದ.

"ಹುಚ್ಚು ಹಿಡೀತೇನು ನಿನಗ? ಹೊಸಾ ಕವರು. ಇನ್ನೂ ವಾಸನಿ ಹೋಗಿಲ್ಲ."

"ಹುಡುಗಿ ಹಣಿನೂ ಹೊಸಾದ ಇತ್ತು," ಎಂದಳು ಅವಳು, ತಲೆ ಎತ್ತದೆ.

ಒಂದು ಬಕಲ್ಲು ಹೊರಬಂತು. ಕುರ್ಚಿಯ ಮೇಲೆ ಚೆಲ್ಲಿದ್ದ ಹೂರಣವನ್ನು ಸೆರಗಿನಿಂದ ಒರೆಸಿದಳು. ನಾಲ್ಕು ಗಂಟೆಗೆ ಹೊರಡುವಾಗ ಭೂಮಿಯನ್ನು ತಾನೇ ಅದರಲ್ಲಿ ಕೂಡಿಸಿ, ಬೆಲ್ಟು ಎಳೆದು ಹಾಕಿದಳು. ಸಹನಾ ಬಂದು ನೋಡಿದಳು. ಬೆಲ್ಟು ಕುರ್ಚಿಯ ಕೈಯ ಮೇಲೆ ಹಾದು ಹೊಟ್ಟೆಗೆ ಬಂದಿತ್ತು. ಬಿಚ್ಚಿ, ಕೈಯ ಕೆಳಗಿಂದ ತಂದು, ಹೆಗಲಿಗೆ ಸರಿಪಡಿಸಿ, ಟಕ್ಕೆಂದು ಹಾಕಿ, ಎರಡು ಸಲ ಜಗ್ಗಿ ನೋಡಿದಳು.

"ನಾ ಹಾಕಿದ್ದು ಬೆಲ್ಟಲ್ಲೇನು?"

"ಅಲ್ಲ," ಎಂದಳು ಸಹನಾ.

ರೇಣುಕಾದೇವಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು.

"ಅದು ನನ್ನ ಜಾಗ ಅಕ್ಕಾ."

"ಹಿರೇ ಸೊಸಿ ಜಾಗ ಖಾಲಿ ಐತಿ, ಹೋಗಿ ಕುಂದ್ರು. ಮುಂಜಾನಿಂದ ಅದನ್ನ ಕೇಳಾಕತ್ತಿದ್ದೆಲ್ಲ."

ಸಹನಾ ನಡುವಿನ ಸಾಲಿನ ಸೀಟು ಧಡ್ಡನೆ ಹಿಂದಕ್ಕೆ ತಳ್ಳಿ, ನೆಗೆಣ್ಣಿಯ ಮೊಣಕಾಲಿಗೆ ಬಡಿಯುವಂತೆ ಕೂತಳು.

ಮೂರನೇ ಸಾಲಿನಲ್ಲಿ ರೇಣುಕಾದೇವಿ ಹಿಂದೆಂದೂ ಕೂತಿರಲಿಲ್ಲ. ಮೊಣಕಾಲು ಗದ್ದಕ್ಕೆ ಬಂದವು. ಪ್ರತಿ ತಗ್ಗೂ ನೇರ ಬೆನ್ನುಹುರಿಗೆ ಹತ್ತಿತು. ಮುಂದೆ ಆಡುವ ಮಾತು ಅಲ್ಲಿಗೆ ತಲುಪುತ್ತಿರಲಿಲ್ಲ, ಬರೀ ಬೆನ್ನುಗಳು ಕಾಣುತ್ತಿದ್ದವು. ಭೂಮಿ ಮಾತ್ರ ಅವಳಿಗಿಂತ ಎತ್ತರದಲ್ಲಿ, ಪಟ್ಟಿ ಕಟ್ಟಿದ ಹಣೆ ಎತ್ತಿ, ಹೊರಗಿನ ಸಂಜೆ ಬಿಸಿಲು ನೋಡುತ್ತಿದ್ದಳು. ನಡುವೆ ಒಂದು ಗೇಣು ಜಾಗ. ರೇಣುಕಾದೇವಿಯ ಕೈ ಎರಡು ಸಲ ಅಷ್ಟು ದೂರ ಹೋಗಲು ಎದ್ದು ಮತ್ತೆ ಮಡಿಲಿಗೆ ಬಿದ್ದಿತು.

ಕನಕಗಿರಿ ದಾಟಿದ ಮೇಲೆ ಅವಳು ನೀರಿನ ಬಾಟಲಿ ತೆಗೆದಳು. "ನೀರು ಕುಡೀತಿಯೇನವ್ವ?"

ಭೂಮಿ ಬಾಟಲಿ ನೋಡಿದಳು, ದೊಡ್ಡವ್ವನ ಕೈ ನೋಡಿದಳು. "ಮಮ್ಮಿನ್ನ ಕೇಳ್ತೀನಿ," ಎಂದು ಕತ್ತು ಚಾಚಿ ಕೂಗಿದಳು. "ಮಮ್ಮಿ, ದೊಡ್ಡವ್ವ ನೀರು ಕೊಡಾಕತ್ತಾಳ, ಕುಡೀಲೇನು?"

ಸಹನಾ ತಿರುಗಲಿಲ್ಲ.

"ಗಾಡಿ ನಿಂತ ಮ್ಯಾಲೆ."

ತಾವರಗೇರಾದಲ್ಲಿ ಗಾಡಿ ನಿಲ್ಲುವವರೆಗೆ ಆ ಬಾಟಲಿ ರೇಣುಕಾದೇವಿಯ ತೊಡೆಯ ಮೇಲೇ ಇತ್ತು. ಅದನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.